ಎರಡು ಗಾಳ ಬಳಗಗಳ ಸ್ನೇಹಸ್ಪರ್ಧೆ, ನಾಲೆ ಬದಿಯ ಜೀವರಕ್ಷಣೆಗೆ ದೇಣಿಗೆ: ನಿಯಮಗಳು ಹೇಗಿರಬೇಕು?

ಪ್ರಶ್ನೆ ಕೇಳಿದವರು: ಮೈಸೂರಿನ ಹವ್ಯಾಸಿ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಗಾಳ ಬಳಗವಿದೆ, ಮಂಡ್ಯದಲ್ಲಿಯೂ ಅಂಥದೇ ಒಂದು ಬಳಗವಿದೆ. ಮಳೆಗಾಲ ಕಳೆದ ಮೇಲೆ ಎರಡೂ ಕಡೆಯವರು ಸಂಪಾಜೆ ಘಾಟಿ ಇಳಿದು ಕರಾವಳಿಗೆ ಹೋಗಿ, ಮರಳ ದಂಡೆಯಲ್ಲಿ ನಿಂತು, ಉದ್ದನೆಯ ರಾಡಿನಿಂದ ಅಲೆಗಳ ಆಚೆಗೆ ಗಾಳ ಎಸೆಯುವವರು. ಇಷ್ಟು ದಿನ ಯಾರು ದೊಡ್ಡ ಮೀನು ಹಿಡಿದರೆಂಬುದು ಮಾತಿನ ಪೈಪೋಟಿಯಾಗಿಯೇ ಉಳಿದಿತ್ತು. ಈ ಸಲ ಅದನ್ನೊಂದು ಸ್ನೇಹಸ್ಪರ್ಧೆಯಾಗಿ ನಡೆಸಿ, ಬಂದ ಹಣವನ್ನು ಒಂದು ಒಳ್ಳೆಯ ಕೆಲಸಕ್ಕೆ ಕೊಡಬೇಕೆಂದು ಎರಡೂ ಬಳಗಗಳು ಒಪ್ಪಿಕೊಂಡಿವೆ.

ಕೆಲಸ ಯಾವುದೆಂಬುದರಲ್ಲಿ ನಮಗೆ ಗೊಂದಲವಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ತೀರಿಕೊಂಡದ್ದನ್ನು ಈ ಭಾಗದವರು ಯಾರೂ ಮರೆತಿಲ್ಲ. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಬಟ್ಟೆ ಒಗೆಯಲು, ದನ ತೊಳೆಯಲು ನಾಲೆಗಿಳಿದವರು ಕಾಲು ಜಾರಿ ಹೋದ ಸುದ್ದಿಯೂ ಆಗಾಗ ಬರುತ್ತಲೇ ಇರುತ್ತದೆ. ಆದ್ದರಿಂದ ನಾಲೆಯ ಪಕ್ಕದ ಊರುಗಳಲ್ಲಿ, ಜನ ನೀರಿಗಿಳಿಯುವ ಸೋಪಾನಗಳ ಬಳಿ, ಕಂಬ ನೆಟ್ಟು ಜೀವರಕ್ಷಕ ಬಳೆ ಮತ್ತು ಹಗ್ಗ ತೂಗುಹಾಕುವುದು ನಮ್ಮ ಉದ್ದೇಶ. ಹಣ ಉಳಿದರೆ ಸರ್ಕಾರಿ ಶಾಲೆಯ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಈಜು ಕಲಿಸುವ ಏರ್ಪಾಡು ಮಾಡಬೇಕೆಂದಿದ್ದೇವೆ.

ಗೊಂದಲವಿರುವುದು ಸ್ಪರ್ಧೆಯ ಸ್ವರೂಪದಲ್ಲಿ. ದಾನಿಗಳು ಹಿಡಿದ ಮೀನಿನ ಪ್ರತಿ ಕಿಲೋಗೆ ಇಷ್ಟು ರೂಪಾಯಿ ಎಂದು ಮಾತು ಕೊಡಲಿ, ಆಗ ಸ್ಪರ್ಧಿಗಳಿಗೂ ಹುರುಪು ಬರುತ್ತದೆ ಎಂದು ನಮ್ಮಲ್ಲಿ ಕೆಲವರು ಹೇಳುತ್ತಿದ್ದಾರೆ. ನನಗೇಕೋ ಇದು ಸರಿಯೆನಿಸುತ್ತಿಲ್ಲ, ಆದರೆ ಬದಲಿಗೆ ಏನು ಮಾಡಬೇಕೆಂದು ಖಚಿತವಾಗಿ ಹೇಳಲೂ ಆಗುತ್ತಿಲ್ಲ. ಕರಾವಳಿಯಲ್ಲಿ ಎಲ್ಲಿ, ಯಾವ ತಿಂಗಳಿನಲ್ಲಿ ನಡೆಸಬೇಕು, ಅಂಕ ಹೇಗೆ ಕೊಡಬೇಕು, ಹಣದ ಲೆಕ್ಕ ಯಾರ ಕೈಯಲ್ಲಿರಬೇಕು ಎಂಬುದರ ಬಗ್ಗೆ ಅನುಭವವಿರುವವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ವಿನಂತಿ.

ಉತ್ತರ 1
ಬರೆದವರು: ಉಡುಪಿ ಮೂಲ, ಈಗ ಮೈಸೂರು

ನಾನು ಹುಟ್ಟಿ ಬೆಳೆದದ್ದು ಕಡಲ ಪಕ್ಕದಲ್ಲಿ, ನೌಕರಿ ನನ್ನನ್ನು ಮೈಸೂರಿಗೆ ತಂದಿದೆ. ನಿಮ್ಮ ಉದ್ದೇಶ ನನಗೆ ಬಹಳ ಹಿಡಿಸಿತು. ಜಾಗ ಮತ್ತು ಕಾಲದ ಬಗ್ಗೆ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ 61 ದಿನಗಳ ನಿಷೇಧವಿರುತ್ತದೆಂದು ನಿಮಗೆ ಗೊತ್ತಿರಬಹುದು. ಆ ನಿಷೇಧ ದಡದ ಗಾಳಕ್ಕೆ ಸಂಬಂಧಪಟ್ಟದ್ದಲ್ಲವಾದರೂ, ಆ ದಿನಗಳ ಅಲೆಯ ಅಬ್ಬರದಲ್ಲಿ ದಂಡೆಯ ಮೇಲೆ ಜನರನ್ನು ಸಾಲಾಗಿ ನಿಲ್ಲಿಸುವ ಯೋಚನೆಯನ್ನೇ ಮಾಡಬಾರದು. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಸೂಕ್ತ. ಆಗ ಬೆಳಗಿನ ಹೊತ್ತು ಗಾಳಿ ನೆಲದ ಕಡೆಯಿಂದ ಕಡಲಿಗೆ ಬೀಸುವುದರಿಂದ ಅಲೆ ತಗ್ಗಿರುತ್ತದೆ, ಎಸೆದ ಗಾಳವೂ ದೂರ ಹೋಗುತ್ತದೆ. ಮಧ್ಯಾಹ್ನದ ಮೇಲೆ ಗಾಳಿ ತಿರುಗಿ ಕಡಲಿನಿಂದ ಮುಖಕ್ಕೆ ಹೊಡೆಯತೊಡಗಿತೆಂದರೆ ದಾರ ಬಿಲ್ಲಿನಂತೆ ಬಾಗಿ, ಸೀಸದ ಗುಂಡು ನಿಂತಲ್ಲಿ ನಿಲ್ಲುವುದಿಲ್ಲ. ಹೀಗಾಗಿ ಬೆಳಕು ಹರಿದಾಗ ಶುರುಮಾಡಿ ಹತ್ತೂವರೆ ಹನ್ನೊಂದರೊಳಗೆ ಮುಗಿಸುವಂತೆ, ಆ ಹೊತ್ತಿನಲ್ಲಿ ನೀರು ಏರುತ್ತಿರುವಂಥ ದಿನವನ್ನು ಆರಿಸಿಕೊಳ್ಳಿ. ಉಬ್ಬರದ ವೇಳೆ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುವುದರಿಂದ, ಬರೀ ರಜಾದಿನ ನೋಡಿ ದಿನಾಂಕ ಗೊತ್ತುಮಾಡಿದರೆ ಬೆಳಿಗ್ಗೆಯೆಲ್ಲ ಇಳಿತದಲ್ಲೇ ಕಳೆಯಬೇಕಾದೀತು. ಹಿಂದಿನ ದಿನ ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಅಲೆ ಮುನ್ಸೂಚನೆಯನ್ನು ನೋಡಿ. ಅದರಲ್ಲಿ ಎಚ್ಚರಿಕೆ ಇದ್ದರೆ ಸ್ಪರ್ಧೆಯನ್ನು ಮುಂದೂಡಲು ಎರಡೂ ಬಳಗಗಳು ಮೊದಲೇ ಒಪ್ಪಿಕೊಂಡಿರಬೇಕು.

ಜಾಗದ ವಿಷಯಕ್ಕೆ ಬಂದರೆ, ಪಡುಬಿದ್ರಿ ಮತ್ತು ಕಾಸರಕೋಡು ಕಡಲತೀರಗಳಿಗೆ 2020ರಲ್ಲಿ, ಸ್ವಚ್ಛ ಹಾಗೂ ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಬಂದಿದ್ದು, ಅಲ್ಲಿ ಈಜಲು ಬರುವ ಕುಟುಂಬಗಳೇ ಹೆಚ್ಚು. ಅಂಥ ಕಡೆ ಸೀಸದ ಗುಂಡು ಎಸೆಯುವ ಸ್ಪರ್ಧೆ ಬೇಡ. ಮೂಲ್ಕಿಯ ಹತ್ತಿರ ಸಸಿಹಿತ್ಲುವಿನಲ್ಲಿ ಶಾಂಭವಿ, ನಂದಿನಿ ನದಿಗಳು ಕಡಲು ಸೇರುತ್ತವೆ. ಇಂಥ ಅಳಿವೆಯ ಅಕ್ಕಪಕ್ಕದಲ್ಲಿ ಮೀನು ಚೆನ್ನಾಗಿ ಸಿಗುತ್ತದೆ, ಆದರೆ ಅಳಿವೆಯ ಬಾಯಲ್ಲೇ ನೀರಿನ ಸೆಳೆತ ಜೋರು. ಅಲ್ಲಿಂದ ಸಾಕಷ್ಟು ದೂರ ಸರಿದು, ನೇರವಾದ ಮರಳ ದಂಡೆಯಲ್ಲಿ ಜಾಗ ಗುರುತಿಸುವುದು ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ನೀವು ಮೋಜಿಗೆ ಗಾಳ ಹಾಕುವ ಅದೇ ದಂಡೆಯಲ್ಲಿ ಕೈರಂಪಣಿಯವರು ಬದುಕಿಗಾಗಿ ಬಲೆ ಎಳೆಯುತ್ತಾರೆ. ಅವರ ಬಲೆ ಅರ್ಧಚಂದ್ರಾಕಾರವಾಗಿ ಕಡಲಿಗೆ ಹೋಗಿ, ಎರಡೂ ತುದಿಯ ಹಗ್ಗಗಳನ್ನು ಹತ್ತಾರು ಜನ ಹಿಡಿದು ದಡಕ್ಕೆ ಎಳೆಯುವಾಗ ಆ ಹರವಿನೊಳಗೆ ನಿಮ್ಮ ಒಂದೇ ಒಂದು ಕೊಕ್ಕೆ ಸಿಕ್ಕಿಕೊಂಡರೂ ಬಲೆ ಹರಿಯುತ್ತದೆ, ಎಳೆಯುವವರ ಕೈಗೂ ಗಾಯವಾಗುತ್ತದೆ. ಆದ್ದರಿಂದ ತಿಂಗಳಿಗೆ ಮುಂಚೆಯೇ ಊರಿಗೆ ಹೋಗಿ, ಅಲ್ಲಿನ ಹಿರಿಯರನ್ನು ಕಂಡು, ಯಾವ ದಿನ ಯಾವ ಭಾಗದಲ್ಲಿ ಬಲೆ ಬಿಡುವುದಿಲ್ಲವೆಂದು ಕೇಳಿಕೊಂಡು ಬನ್ನಿ. ಎರೆಗೆ ಬೇಕಾದ ಸಿಗಡಿ, ಬೊಂಡಾಸ್, ಬೂತಾಯಿಯನ್ನು ಅವರಿಂದಲೇ ಕೊಂಡುಕೊಳ್ಳಿ. ಅವರು ಒಪ್ಪಿದರೆ ಅವರಲ್ಲೊಬ್ಬರನ್ನೇ ಸ್ಪರ್ಧೆಯ ಹಿರಿಯ ತೀರ್ಪುಗಾರರಾಗಿ ಕೂರಿಸಿ. ಕಡಲನ್ನು ಓದುವುದರಲ್ಲಿ ಅವರ ಮುಂದೆ ನಾವು ಯಾರೂ ಇಲ್ಲ.

ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ನಮ್ಮ ದಂಡೆಗಳಿಗೆ ಬರುತ್ತವೆ. ಅರಣ್ಯ ಇಲಾಖೆಯವರು ಗೂಡುಗಳಿಗೆ ಬೇಲಿ ಕಟ್ಟಿರುವ ಕಡೆ ಸುಳಿಯಬೇಡಿ, ರಾತ್ರಿ ಸ್ಪರ್ಧೆಯನ್ನಂತೂ ಇಟ್ಟುಕೊಳ್ಳಲೇಬೇಡಿ. ದೀಪದ ಬೆಳಕಿಗೆ ಮರಿಗಳು ಕಡಲು ಬಿಟ್ಟು ನೆಲದ ಕಡೆ ತೆವಳುತ್ತವೆ.

ಉತ್ತರ 2
ಬರೆದವರು: ಮಂಡ್ಯದ ಹಳೆಯ ಗಾಳಗಾರ

ಪ್ರಶ್ನೆ ಕೇಳಿದವರು ಹೇಳಿದ ಮಂಡ್ಯದ ಬಳಗಕ್ಕೆ ಸೇರಿದವನೇ ನಾನು. ಕಿಲೋಗೆ ಇಷ್ಟು ಎಂಬ ಸಲಹೆ ನಮ್ಮ ಕಡೆಯಿಂದಲೂ ಬಂದಿತ್ತು. ನಾನು ಅದನ್ನು ಬಲವಾಗಿ ವಿರೋಧಿಸುತ್ತೇನೆ. ದಾನದ ಹಣ ಮೀನಿನ ತೂಕಕ್ಕಾಗಲಿ, ಉದ್ದಕ್ಕಾಗಲಿ, ಎಣಿಕೆಗಾಗಲಿ ಗಂಟು ಬೀಳಲೇಬಾರದು.

ಏಕೆಂದರೆ ತೂಕಕ್ಕೆ ಹಣವಿದ್ದಾಗ ತೂಗಬೇಕಾಗುತ್ತದೆ, ತೂಗುವವರೆಗೆ ಮೀನನ್ನು ಇಟ್ಟುಕೊಳ್ಳಬೇಕಾಗುತ್ತದೆ, ಇಟ್ಟುಕೊಂಡ ಮೀನು ಸಾಯುತ್ತದೆ. ಒಳ್ಳೆಯ ಕೆಲಸಕ್ಕೆ ಹಣ ಬರುತ್ತದೆಂಬ ಸಮಾಧಾನ ಬೇರೆ ಸೇರಿಕೊಂಡು, ಸಾಮಾನ್ಯ ದಿನದಲ್ಲಿ ಬಿಟ್ಟುಬಿಡುತ್ತಿದ್ದ ಬೆರಳುದ್ದದ ಮೀನನ್ನೂ ಮನುಷ್ಯ ಬುಟ್ಟಿಗೆ ಹಾಕುತ್ತಾನೆ. ಇದರ ಇನ್ನೊಂದು ಮುಖವನ್ನೂ ನೋಡಿ. ದಡದ ಗಾಳದಲ್ಲಿ ಏನೂ ಸಿಗದ ದಿನಗಳು ಬೇಕಾದಷ್ಟಿರುತ್ತವೆ. ಅಂಥ ದಿನ ಸ್ಪರ್ಧೆ ಬಿದ್ದರೆ, ನಾಲೆಯ ಪಕ್ಕದ ಊರಿಗೆ ಹೋಗಬೇಕಾದ ಹಗ್ಗಕ್ಕೆ ದುಡ್ಡೇ ಇಲ್ಲವೆಂದಾಗುತ್ತದೆ. ಮೀನು ಕಚ್ಚಲಿ ಬಿಡಲಿ, ಆ ಹಣ ಬರಲೇಬೇಕು. ಆದ್ದರಿಂದ ಪ್ರತಿ ಸ್ಪರ್ಧಿಯೂ ಗೊತ್ತುಪಡಿಸಿದ ಒಂದು ಮೊತ್ತವನ್ನು ಬಂಧುಮಿತ್ರರಿಂದ ಸಂಗ್ರಹಿಸಿ ತಂದ ಮೇಲೆಯೇ ದಂಡೆಯಲ್ಲಿ ಜಾಗ ಪಡೆಯುವಂತಾಗಲಿ. ಅಂಕ, ಗೆಲುವು, ಪರ್ಯಾಯ ಪಾರಿತೋಷಕ ಎಲ್ಲವೂ ಎರಡು ಬಳಗಗಳ ನಡುವಿನ ಆಟ. ದಾನ ಆಟ ಶುರುವಾಗುವ ಮೊದಲೇ ಮುಗಿದಿರಬೇಕು.

ನಮ್ಮ ಸೀಮೆಗೆ ಗಾಳದ ದೊಡ್ಡ ಚರಿತ್ರೆಯೇ ಇದೆ. ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಮೀನು ಇಂದಿಗೂ ದಾಖಲೆಯಾಗಿ ಹೆಸರಾಗಿದೆ. ಅದೇ ಕಾವೇರಿ ಕಣಿವೆಯ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಕೆಂಪುಪಟ್ಟಿಯಲ್ಲಿ ಅತ್ಯಂತ ಗಂಭೀರ ಅಪಾಯದ ವರ್ಗಕ್ಕೆ ಸೇರಿತು. ಇದಕ್ಕೆ ಗಾಳವೊಂದೇ ಕಾರಣವಲ್ಲ. ಅಣೆಕಟ್ಟು, ಮರಳು ಗಣಿ, ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಹೊರಗಿನಿಂದ ತಂದು ಬಿಟ್ಟ ತಳಿಗಳು ಎಲ್ಲವೂ ಸೇರಿವೆ. ಆದರೂ ಹೊಳೆಯಲ್ಲಿ ಇದನ್ನೆಲ್ಲ ಕಂಡ ನಾವು ಕಡಲಿಗೆ ಹೋದಾಗ ಕೈಯನ್ನು ಹಗುರವಾಗಿಟ್ಟುಕೊಳ್ಳಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಂಕದ ಕ್ರಮವನ್ನು ನಾನು ಹೀಗೆ ಯೋಚಿಸಿದ್ದೇನೆ. ಎರಡೂ ಬಳಗಗಳಿಂದ ಒಬ್ಬೊಬ್ಬರನ್ನು ಸೇರಿಸಿ ಜೋಡಿ ಮಾಡಿ, ಚೀಟಿ ಎತ್ತಿ ಜಾಗ ಕೊಡಿ. ಮೈಸೂರಿನವರ ಮೀನನ್ನು ಪಕ್ಕದಲ್ಲಿರುವ ಮಂಡ್ಯದವರು ಅಳೆದು ಬರೆಯಲಿ, ಮಂಡ್ಯದವರದನ್ನು ಮೈಸೂರಿನವರು ಬರೆಯಲಿ. ಹೀಗೆ ಮಾಡಿದರೆ ಪ್ರತ್ಯೇಕ ಪರಿವೀಕ್ಷಕರೂ ಬೇಡ, ಅನುಮಾನಕ್ಕೂ ಎಡೆಯಿಲ್ಲ, ದಿನ ಮುಗಿಯುವಷ್ಟರಲ್ಲಿ ಇಬ್ಬರು ಅಪರಿಚಿತರು ಪರಿಚಿತರೂ ಆಗಿರುತ್ತಾರೆ. ಅಳತೆಗೆ ಅರ್ಧ ಕೊಳವೆಯಾಕಾರದ ಪ್ಲಾಸ್ಟಿಕ್ ತೊಟ್ಟಿಯೊಳಗೆ ಸೆಂಟಿಮೀಟರ್ ಪಟ್ಟಿ ಅಂಟಿಸಿ, ಅದನ್ನು ಸಮುದ್ರದ ನೀರಿನಲ್ಲಿ ತೋಯಿಸಿಟ್ಟುಕೊಳ್ಳಿ. ಒದ್ದೆ ಕೈಯಲ್ಲಿ ಮೀನನ್ನು ಅದರಲ್ಲಿಟ್ಟು, ಆ ದಿನ ಬೆಳಿಗ್ಗೆ ಹಂಚಿದ ಬಣ್ಣದ ಬಿಲ್ಲೆ ಕಾಣುವಂತೆ ಒಂದು ಫೋಟೋ ತೆಗೆದು ತಕ್ಷಣ ನೀರಿಗೆ ಬಿಡಬೇಕು. ಒಣ ಕೈ, ಬಿಸಿ ಮರಳು ತಗುಲಿದರೆ ಮೈಮೇಲಿನ ಲೋಳೆ ಕಿತ್ತುಬಂದು, ಬಿಟ್ಟ ಮೀನು ಆಮೇಲೆ ಸಾಯುತ್ತದೆ. ಒಬ್ಬರ ಅತ್ಯುತ್ತಮ ಐದು ಮೀನುಗಳ ಉದ್ದವನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಪ್ರತಿ ಹೊಸ ಜಾತಿಯ ಮೊದಲ ಮೀನಿಗೆ ಹೆಚ್ಚುವರಿ ಅಂಕ ಕೊಟ್ಟರೆ, ಕಾಣೆ ಮೀನಿನ ಹಿಂಡು ಸಿಕ್ಕಿತೆಂದು ಒಂದೇ ಜಾಗದಲ್ಲಿ ಎಳೆಯುತ್ತ ನಿಲ್ಲುವುದು ತಪ್ಪುತ್ತದೆ. ಬಳಗದ ಒಟ್ಟು ಅಂಕದ ಬದಲು ತಲಾ ಸರಾಸರಿಯನ್ನು ನೋಡಿ, ಏಕೆಂದರೆ ಎರಡೂ ಕಡೆ ಜನಸಂಖ್ಯೆ ಸಮವಿರುವುದಿಲ್ಲ.

ಕೊಕ್ಕೆಯ ವಿಷಯದಲ್ಲಿ ಸಡಿಲ ಬಿಡಬೇಡಿ. ಎರೆ ಹಾಕಿ ಹಿಡಿಯುವುದಾದರೆ ತುದಿ ಒಳಕ್ಕೆ ಬಾಗಿದ ದುಂಡನೆಯ ಕೊಕ್ಕೆ, ಅಂದರೆ ಸರ್ಕಲ್ ಹುಕ್, ಕಡ್ಡಾಯವಾಗಲಿ. ಅದು ಗಂಟಲಿಗೆ ಇಳಿಯದೆ ಹೆಚ್ಚಾಗಿ ಬಾಯ ಮೂಲೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಆದರೆ ಕಚ್ಚಿತೆಂದು ರಾಡನ್ನು ಜಗ್ಗಬಾರದು, ದಾರ ತಾನಾಗಿಯೇ ಬಿಗಿಯಾಗಲು ಬಿಡಬೇಕು. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದ್ದರೆ ಬಿಡಿಸುವುದು ಒಂದು ಕ್ಷಣದ ಕೆಲಸ. ತೇಡೆ, ತೊರಕೆಯಂಥ ವಿಷಮುಳ್ಳಿನ ಮೀನು ಸಿಕ್ಕರೆ ಅಳೆಯುವುದೇ ಬೇಡ, ಅಂಚಿನಲ್ಲೇ ದಾರ ಕತ್ತರಿಸಿ, ಗೊತ್ತಾದ ಒಂದಿಷ್ಟು ಅಂಕ ಕೊಟ್ಟುಬಿಡಿ. ಅವುಗಳ ಮುಳ್ಳು ಚುಚ್ಚಿದರೆ ಗಾಯವನ್ನು ಚರ್ಮ ಸುಡದಷ್ಟು, ಆದರೆ ತಡೆಯಬಹುದಾದಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಅದ್ದಿಟ್ಟು ಆಸ್ಪತ್ರೆಗೆ ಕರೆದೊಯ್ಯಬೇಕು. ಆದ್ದರಿಂದ ದಂಡೆಯ ಮೇಲೆ ಒಂದು ಸ್ಟೌ ಮತ್ತು ಬೋಗುಣಿ ಇರಲಿ. ಗರಗಸ ಮೀನಿನಂಥ ಕಾನೂನಿನ ರಕ್ಷಣೆಯಿರುವ ಜೀವಿಗಳನ್ನು ದಡಕ್ಕೆ ಎಳೆಯುವಂತೆಯೇ ಇಲ್ಲ.

ಕೊನೆಯದಾಗಿ ದಾರದ ಮಾತು. ಜೋರಾಗಿ ಬೀಸುವಾಗ ದಾರ ತುಂಡಾದರೆ ನೂರು ಗ್ರಾಮಿಗೂ ಮೀರಿದ ಸೀಸದ ಗುಂಡು ಕೋವಿಯ ಗುಂಡಿನ ಹಾಗೆ ಹಾರುತ್ತದೆ. ಒಂದು ಔನ್ಸ್ ಸೀಸಕ್ಕೆ ಹತ್ತು ಪೌಂಡ್ ತಾಳುವ ಶಾಕ್ ಲೀಡರ್ (ಎಸೆತದ ಜಗ್ಗಾಟ ತಾಳಲು ದಾರದ ತುದಿಗೆ ಕಟ್ಟುವ ದಪ್ಪ ದಾರ) ಎಂಬುದು ಹಳಬರ ನಿಯಮ. ನಾಲ್ಕು ಔನ್ಸಿನ, ಅಂದರೆ ಸುಮಾರು 113 ಗ್ರಾಮಿನ ಗುಂಡಿಗೆ 40 ಪೌಂಡಿನ ಲೀಡರ್ ಇರಬೇಕು, ಅದು ರೀಲಿನ ಮೇಲೆ ಕೆಲವು ಸುತ್ತು ಕೂತಿರುವಷ್ಟು ಉದ್ದವಿರಬೇಕು. ಬೆಳಿಗ್ಗೆ ಜಾಗ ಹಂಚುವ ಮುನ್ನ ಪ್ರತಿಯೊಬ್ಬರ ಲೀಡರ್ ಗಂಟನ್ನು ಎದುರು ಬಳಗದವರು ಎಳೆದು ಪರೀಕ್ಷಿಸಲಿ. ಗಂಟು ಜಾರಿದವರು ಮತ್ತೆ ಕಟ್ಟಿಕೊಂಡು ಬರಲಿ.

ಉತ್ತರ 3
ಬರೆದವರು: ಲೆಕ್ಕಪತ್ರ ನೋಡುವ ವೃತ್ತಿಯವಳು, ಮೈಸೂರು

ಮೀನಿನ ವಿಷಯ ನನಗೆ ತಿಳಿಯದು, ಹಣದ ವಿಷಯವಷ್ಟೇ ಬರೆಯುತ್ತೇನೆ.

ನಿಮ್ಮ ಬಳಗಗಳು ನೋಂದಣಿಯಾದ ಸಂಘಗಳೇ ಎಂಬುದು ಮೊದಲು ಸ್ಪಷ್ಟವಾಗಬೇಕು. ಸಂಘವಾಗಿ ನೋಂದಾಯಿಸಿದ್ದರೂ, ಅದರಿಂದಷ್ಟೇ ದಾನಿಗಳಿಗೆ ಆದಾಯ ತೆರಿಗೆಯ ವಿನಾಯಿತಿ ದೊರೆಯುವುದಿಲ್ಲ. ಅದಕ್ಕೆ ಪ್ರತ್ಯೇಕ ಅನುಮೋದನೆ ಬೇಕು. ಒಂದು ದಿನದ ಸ್ಪರ್ಧೆಗಾಗಿ ನೀವು ಆ ದಾರಿ ಹಿಡಿಯಬೇಕಿಲ್ಲ. ಈಗಾಗಲೇ ಅನುಮೋದನೆ ಪಡೆದಿರುವ, ಮಂಡ್ಯ ಜಿಲ್ಲೆಯಲ್ಲಿ ಕೆಲಸ ಮಾಡುತ್ತಿರುವ ಒಂದು ನಂಬಿಕಸ್ಥ ಟ್ರಸ್ಟ್ ಜೊತೆ ಲಿಖಿತ ಒಪ್ಪಂದ ಮಾಡಿಕೊಂಡು, ದೇಣಿಗೆ ನೇರವಾಗಿ ಅದರ ಬ್ಯಾಂಕ್ ಖಾತೆಗೇ ಹೋಗುವಂತೆ ಮಾಡಿ. ಪ್ರತಿ ಸ್ಪರ್ಧಿಯೂ ಆ ಟ್ರಸ್ಟಿನ ಕ್ಯೂಆರ್ ಕೋಡನ್ನೇ ಬಂಧುಮಿತ್ರರಿಗೆ ಕಳುಹಿಸಲಿ. ಬಳಗದವರ ಕೈಗೆ ದೇಣಿಗೆಯ ಹಣ ಬಾರದಿದ್ದರೆ ನಾಳೆ ಯಾರ ಮೇಲೂ ಬೆರಳು ತೋರಿಸುವ ಪ್ರಸಂಗ ಬರುವುದಿಲ್ಲ. ನಗದಾಗಿ ಕೊಡುವುದಾದರೆ 2,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಗೆ ವಿನಾಯಿತಿ ಸಿಗುವುದಿಲ್ಲವೆಂಬುದನ್ನೂ, ಪ್ರಮಾಣಪತ್ರಕ್ಕೆ ಪ್ಯಾನ್ ಸಂಖ್ಯೆ ಬೇಕಾಗುತ್ತದೆಂಬುದನ್ನೂ ದಾನಿಗಳಿಗೆ ಮೊದಲೇ ತಿಳಿಸಿ.

ಬಸ್ಸು, ಊಟ, ಪಾರಿತೋಷಕದ ಖರ್ಚನ್ನು ದೇಣಿಗೆಯಿಂದ ಒಂದು ರೂಪಾಯಿಯೂ ತೆಗೆಯಬೇಡಿ. ಅದನ್ನು ಸ್ಪರ್ಧಿಗಳ ಪ್ರವೇಶ ಶುಲ್ಕದಿಂದ ಭರಿಸಿ, ಎರಡು ಲೆಕ್ಕಗಳನ್ನೂ ಬೇರೆ ಬೇರೆ ಪುಸ್ತಕದಲ್ಲಿಡಿ. ದೇಣಿಗೆ ಹೆಚ್ಚಿಸಲೆಂದು ಅದೃಷ್ಟದ ಚೀಟಿ ಮಾರುವ ಆಲೋಚನೆ ಕೆಲವರಿಗೆ ಬರಬಹುದು. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಿದೆ, ಒಳ್ಳೆಯ ಕೆಲಸಕ್ಕೆಂದರೂ ಆ ಗೋಜಿಗೆ ಹೋಗಬಾರದು.

ಕಂಬ ನೆಡುವ ಮುನ್ನ ಕಾವೇರಿ ನೀರಾವರಿ ನಿಗಮದ ಅನುಮತಿಯನ್ನು ಬರಹದಲ್ಲಿ ಪಡೆದುಕೊಳ್ಳಿ. ನಾಲೆಯ ಏರಿ ಅವರದು. ಸಾಮಾನುಗಳನ್ನು ಯಾರು ನೋಡಿಕೊಳ್ಳುತ್ತಾರೆಂಬುದು ಗ್ರಾಮ ಪಂಚಾಯಿತಿಯ ನಡಾವಳಿಯಲ್ಲಿ ದಾಖಲಾಗಲಿ. ಇಲ್ಲದಿದ್ದರೆ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬಿಸಿಲಿಗೆ ಹಗ್ಗ ಪುಡಿಯಾಗಿ, ಕಂಬವೊಂದೇ ನಿಂತಿರುತ್ತದೆ.

ಉತ್ತರ 4
ಬರೆದವರು: ಶ್ರೀರಂಗಪಟ್ಟಣದ ದೈಹಿಕ ಶಿಕ್ಷಣ ಶಿಕ್ಷಕ

ಮೇಲಿನ ಮೂವರ ಮಾತನ್ನೂ ಓದಿದೆ. ಒಂದು ಪ್ರಶ್ನೆಯನ್ನು ಯಾರೂ ಎತ್ತಿಲ್ಲವಾದ್ದರಿಂದ ನಾನು ಎತ್ತುತ್ತೇನೆ. ಮೈಸೂರಿನಿಂದ ಮಂಗಳೂರಿಗೆ ಸುಮಾರು 250 ಕಿಲೋಮೀಟರ್ ದೂರ. ಅಷ್ಟು ದೂರ ಹೋಗಿ ನಡೆಸುವ ಸ್ಪರ್ಧೆಯನ್ನು, ಯಾರ ಊರಿನ ನಾಲೆಗಾಗಿ ಹಣ ಕೂಡಿಸುತ್ತಿದ್ದೀರೋ ಆ ಊರಿನವರು ನೋಡುವುದೇ ಇಲ್ಲ. ನೋಡದ ಆಟಕ್ಕೆ ದೇಣಿಗೆ ಕೊಡುವವರು ಸ್ಪರ್ಧಿಗಳ ಮನೆಯವರಷ್ಟೇ ಆಗುತ್ತಾರೆ.

ಹಾಗೆಂದು ಇಲ್ಲಿನ ಹೊಳೆಯಲ್ಲಿ ನಡೆಸಿ ಎಂದು ನಾನು ಹೇಳುವುದಿಲ್ಲ. ರಂಗನತಿಟ್ಟು 1940ರಿಂದ ಪಕ್ಷಿಧಾಮ, 2022ರಲ್ಲಿ ರಾಮ್ಸಾರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಯಿತು, ಅದರ ನೀರಿನಲ್ಲಿ ಮೊಸಳೆಗಳಿವೆ. ಕೆರೆಗಳನ್ನು ಮೀನುಗಾರರ ಸಹಕಾರ ಸಂಘಗಳು ಗುತ್ತಿಗೆ ಹಿಡಿದಿರುತ್ತವೆ. ನನ್ನ ಸಲಹೆ ಬೇರೆ. ಗಾಳ ಎಸೆಯುವುದೇ ಒಂದು ಕ್ರೀಡೆ. ಹೊರದೇಶಗಳಲ್ಲಿ ಬಯಲಿನಲ್ಲಿ ನಿಂತು, ಕೊಕ್ಕೆಯಿಲ್ಲದೆ ಬರೀ ಸೀಸದ ಗುಂಡು ಕಟ್ಟಿ ಎಸೆದು ದೂರ ಅಳೆಯುವ ಪಂದ್ಯಗಳು ಬಹಳ ಕಾಲದಿಂದ ನಡೆದುಬಂದಿವೆ, ನುರಿತವರು 200 ಮೀಟರನ್ನು ದಾಟಿಸಿ ಎಸೆಯುತ್ತಾರೆ. ಮಂಡ್ಯ ಜಿಲ್ಲೆಯಲ್ಲಿ ಭತ್ತದ ಕೊಯ್ಲು ಮುಗಿದ ಜನವರಿಯಲ್ಲಿ ಬೇಕಾದಷ್ಟು ಗದ್ದೆ ಬಯಲು ಖಾಲಿ ಬಿದ್ದಿರುತ್ತದೆ. ಮಾಲೀಕರ ಒಪ್ಪಿಗೆ ಪಡೆದು, ಮುನ್ನೂರು ಮೀಟರಿಗೆ ಕಡಿಮೆಯಿಲ್ಲದ ಉದ್ದದ ಜಾಗದಲ್ಲಿ, ಎಸೆಯುವ ಗೆರೆಯಿಂದ ಅಗಲವಾಗುತ್ತ ಹೋಗುವ ಅಂಕಣವನ್ನು ಸುಣ್ಣದಲ್ಲಿ ಎಳೆಯಿರಿ. ಜನರೆಲ್ಲ ಎಸೆಯುವವರ ಹಿಂದೆಯೇ, ಸಾಕಷ್ಟು ದೂರದಲ್ಲಿ ನಿಲ್ಲಬೇಕು. ಒಂದು ಎಚ್ಚರಿಕೆಯನ್ನು ಮಾತ್ರ ಯಾವ ಕಾರಣಕ್ಕೂ ಮರೆಯಬೇಡಿ: ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. ಪಂಪ್‌ಸೆಟ್ಟಿಗೆ ಎಳೆದ ತಂತಿ ಹಾದುಹೋಗುವ ಗದ್ದೆ, ಎಷ್ಟೇ ಚೆನ್ನಾಗಿದ್ದರೂ, ಬೇಡವೇ ಬೇಡ.

ಅದೇ ಬಯಲಿನಲ್ಲಿ ಇನ್ನೊಂದು ಪಂದ್ಯವನ್ನೂ ಇಡಿ. ಎಸೆದರೆ ತಲುಪುವಷ್ಟು ದೂರದಲ್ಲಿ ನೆಲದ ಮೇಲೆ ಒಂದು ಲಾರಿ ಟ್ಯೂಬ್ ಇಟ್ಟು, ಹಗ್ಗ ಕಟ್ಟಿದ ರಕ್ಷಕ ಬಳೆಯನ್ನು ಅದರ ಆಚೆಗೆ ಬೀಳುವಂತೆ ಎಸೆದು ಮೆಲ್ಲಗೆ ಎಳೆದು ತಾಗಿಸುವ ಪಂದ್ಯ. ಮುಳುಗುತ್ತಿರುವವರನ್ನು ಉಳಿಸಲು ಹಾರಿದವರೂ ಜೊತೆಗೆ ಹೋಗುವುದು ನಮ್ಮ ನಾಲೆಗಳ ದೊಡ್ಡ ದುರಂತ. ನೀರಿಗೆ ಹಾರಬೇಡ, ಎಸೆ ಎಂಬುದನ್ನು ಭಾಷಣದಿಂದ ಕಲಿಸಲು ಆಗುವುದಿಲ್ಲ, ಕೈಯಲ್ಲಿ ಹಗ್ಗ ಕೊಟ್ಟರೆ ಹತ್ತನೆಯ ತರಗತಿಯ ಹುಡುಗಿಯೂ ನಾಲ್ಕಾರು ಎಸೆತದಲ್ಲಿ ಕಲಿಯುತ್ತಾಳೆ. ಬಲಗೈಯಲ್ಲಿ ಬಳೆ, ಎಡ ಅಂಗೈಯಲ್ಲಿ ಸಡಿಲವಾಗಿ ಸುತ್ತಿದ ಹಗ್ಗ, ತುದಿ ಪಾದದ ಕೆಳಗೆ. ಇಷ್ಟು ಸರಿಯಾಗಿದ್ದರೆ ಹಗ್ಗ ಸಿಕ್ಕಾಗದೆ ಬಿಚ್ಚಿಕೊಂಡು ಹೋಗುತ್ತದೆ. ಹಗ್ಗವನ್ನು ಕೊಳ್ಳುವಾಗ ನೀರಿನಲ್ಲಿ ತೇಲುವ ಪಾಲಿಪ್ರೊಪಿಲೀನ್ ಹಗ್ಗವನ್ನೇ ಕೇಳಿ. ನೈಲಾನ್ ಹಗ್ಗ ಮುಳುಗಿಬಿಡುವುದರಿಂದ ನೀರಿನಲ್ಲಿರುವವರ ಕೈಗೆ ಸಿಗುವುದಿಲ್ಲ. ಹಡಗುಗಳಲ್ಲಿ ಇಡುವ ರಕ್ಷಕ ಬಳೆಯ ತೇಲುಹಗ್ಗ ಕನಿಷ್ಠ 30 ಮೀಟರ್ ಉದ್ದ, 8 ಮಿಲಿಮೀಟರ್ ದಪ್ಪ ಇರಬೇಕೆಂಬ ನಿಯಮವಿದೆ. ನಾಲೆಗೂ ಅದೇ ಅಳತೆ ಸಾಕು.

ಪ್ರಶ್ನೆ ಕೇಳಿದವರ ಮರುನುಡಿ

ನಾಲ್ವರಿಗೂ ಮನಃಪೂರ್ವಕ ಧನ್ಯವಾದಗಳು. ಭಾನುವಾರ ಎರಡೂ ಬಳಗದವರು ಕೂತು ಇದನ್ನೆಲ್ಲ ಓದಿ ಚರ್ಚಿಸಿದೆವು. ಕಿಲೋ ಲೆಕ್ಕದ ದೇಣಿಗೆಯನ್ನು ಕೈಬಿಟ್ಟಿದ್ದೇವೆ, ಆ ಸಲಹೆ ಕೊಟ್ಟವರೇ ಮೊದಲು ಕೈಯೆತ್ತಿ ಒಪ್ಪಿದರು. ಸ್ಪರ್ಧೆ ಎರಡು ಹಂತದಲ್ಲಿ ನಡೆಯಲಿದೆ. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಮಂಡ್ಯದ ಕಡೆಯ ಗದ್ದೆ ಬಯಲಿನಲ್ಲಿ ದೂರ ಎಸೆಯುವ ಪಂದ್ಯ ಮತ್ತು ರಕ್ಷಕ ಬಳೆ ಎಸೆಯುವ ಪಂದ್ಯ ನಡೆಸುತ್ತೇವೆ. ದೇಣಿಗೆ ಸಂಗ್ರಹವೆಲ್ಲ ಅದಕ್ಕೇ ಸೇರಿದ್ದು, ಮೇಡಂ ಹೇಳಿದಂತೆ ಹಣ ನೇರವಾಗಿ ಟ್ರಸ್ಟಿನ ಖಾತೆಗೆ ಹೋಗುತ್ತದೆ. ಫೆಬ್ರವರಿಯಲ್ಲಿ ಇಚ್ಛೆಯುಳ್ಳವರು ಸ್ವಂತ ಖರ್ಚಿನಲ್ಲಿ ಕರಾವಳಿಗೆ ಹೋಗಿ, ಉದ್ದ ಅಳೆದು ಬಿಡುವ ಕ್ರಮದಲ್ಲಿ ದಡದ ಗಾಳದ ಪಂದ್ಯ ಆಡುತ್ತೇವೆ. ಎರಡರ ಅಂಕ ಸೇರಿಸಿ ಪಾರಿತೋಷಕ ಕೊಡಲಾಗುವುದು. ಬಯಲಿನ ಪಂದ್ಯಕ್ಕೆ ನಾಲೆ ಬದಿಯ ಶಾಲೆಗಳ ಮಕ್ಕಳನ್ನು ಅವರ ಶಿಕ್ಷಕರೊಂದಿಗೆ ಕರೆಯಲು ನಿರ್ಧರಿಸಿದ್ದೇವೆ. ಆ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ.

ಒಂದು ಸಂದೇಹ ಉಳಿದಿದೆ. ಕರಾವಳಿಯ ದಿನಕ್ಕೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸನ್ನು ಆರಿಸಬೇಕೆಂದು ಕೆಲವರು, ಬೇಡವೆಂದು ಕೆಲವರು ಹೇಳುತ್ತಿದ್ದಾರೆ. ಉಡುಪಿಯ ಸರ್ ಇದಕ್ಕೆ ಉತ್ತರಿಸಬೇಕು.

ಉತ್ತರ 5
ಬರೆದವರು: ಉಡುಪಿ ಮೂಲ, ಈಗ ಮೈಸೂರು

ಅಮಾವಾಸ್ಯೆ, ಹುಣ್ಣಿಮೆಯಲ್ಲಿ ಉಬ್ಬರ ಹೆಚ್ಚು ಏರಿ, ಇಳಿತವೂ ಹೆಚ್ಚು ಇಳಿಯುವುದರಿಂದ ನೀರಿನ ಓಟ ಜೋರಾಗಿರುತ್ತದೆ, ಮೀನಿನ ಓಡಾಟವೂ ಚೆನ್ನಾಗಿರುತ್ತದೆ. ನುರಿತವರು ಇಬ್ಬರು ಮೂವರು ಹೋಗುವುದಾದರೆ ಆ ದಿನಗಳನ್ನೇ ನಾನೂ ಆರಿಸುತ್ತೇನೆ. ಆದರೆ ಹೊಸಬರೂ ಸೇರಿರುವ ಗುಂಪನ್ನು ದಂಡೆಯಲ್ಲಿ ನಿಲ್ಲಿಸುವಾಗ ಸೆಳೆತ ಕಡಿಮೆಯಿರುವ, ಅಷ್ಟಮಿಗೆ ಎರಡು ಮೂರು ದಿನ ಹಿಂದು ಮುಂದಿನ ದಿನಗಳು ಲೇಸು. ಮೀನು ಒಂದೆರಡು ಕಡಿಮೆ ಸಿಕ್ಕರೂ ನಿಮ್ಮ ದೇಣಿಗೆಗೆ ಈಗ ಅದರಿಂದ ಏನೂ ನಷ್ಟವಿಲ್ಲವಲ್ಲ. ಅಲೆಗಳು ಒಡೆಯುವ ಸಾಲಿನ ನಡುವೆ ಎಲ್ಲಾದರೂ ಅಲೆಯೇ ಇಲ್ಲದೆ ನೀರು ಕಪ್ಪಗೆ, ಶಾಂತವಾಗಿ ಕಂಡರೆ ಅದು ಕಡಲಿನತ್ತ ಎಳೆಯುವ ಹಿಂಸೆಳೆತದ ಜಾಗ. ಅಲ್ಲಿ ಯಾರಿಗೂ ಜಾಗ ಹಂಚಬೇಡಿ. ಮೊಣಕಾಲಿನ ಮೇಲೆ ನೀರು ಬರುವಷ್ಟು ಮುಂದೆ ಹೋದವರ ಅಂಕವನ್ನು ಕಳೆಯುವ ನಿಯಮವನ್ನೂ ಬರೆದಿಡಿ. ನೀವು ನಾಲೆಗೆಂದು ಕೊಳ್ಳುವ ಬಳೆ ಮತ್ತು ಹಗ್ಗದಲ್ಲಿ ಒಂದು ಜೊತೆಯನ್ನು ಆ ದಿನ ದಂಡೆಗೂ ತನ್ನಿ. ಕೈರಂಪಣಿಯ ಹಿರಿಯರೊಂದಿಗೆ ಮಾತನಾಡಲು ನಾನೇ ಡಿಸೆಂಬರಿನಲ್ಲಿ ಊರಿಗೆ ಹೋದಾಗ ನಿಮ್ಮಲ್ಲಿ ಇಬ್ಬರನ್ನು ಕರೆದುಕೊಂಡು ಹೋಗುತ್ತೇನೆ.